ಪಟ್ಟಿ ಬೇಡ, ಒಂದು ಸಂಗತಿ ಸಾಕು

ಆಕೆ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, ‘ಆರು ವಾರ ಬರೆದೆ ಮೇಡಂ, ಏನೂ ಆಗಲಿಲ್ಲ’ ಎಂದರು. ತೆರೆದು ನೋಡಿದೆ. ಪ್ರತಿ ಪುಟದಲ್ಲೂ ಅವೇ ಮೂರು ಪದ: ಮನೆ, ಆರೋಗ್ಯ, ಕೆಲಸ. ಕೊನೆಯ ಪುಟಗಳಲ್ಲಿ ‘ಮೇಲಿನಂತೆ’ ಎಂದಷ್ಟೇ ಇತ್ತು.

ಆಪ್ತಸಮಾಲೋಚಕಿಯಾದ ನನಗೆ ಇಂಥ ನೋಟ್‌ಬುಕ್ಕುಗಳು ಹೊಸದಲ್ಲ. (ಆಕೆಯ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಕೃತಜ್ಞತೆ ಹುಟ್ಟಿಸುವ ಸಂಗತಿಗಳನ್ನು ದಿನಾ ಬರೆದರೆ ಖುಷಿ ಸಿಗುತ್ತದೆ ಎಂದು ಕೇಳಿ ಶುರು ಮಾಡುತ್ತಾರೆ. ಸ್ವಲ್ಪ ದಿನಕ್ಕೆ ಅದು ಹೋಂವರ್ಕ್ ಆಗುತ್ತದೆ. ಆಮೇಲೆ ‘ಇಷ್ಟೆಲ್ಲ ಇದ್ದೂ ನೆಮ್ಮದಿ ಇಲ್ಲ ಅಂದ್ರೆ ತಪ್ಪು ನನ್ನದೇ’ ಎಂಬ ಹೊಸ ನೋವು ಸೇರಿಕೊಳ್ಳುತ್ತದೆ.

ತಪ್ಪು ಅವರದ್ದಲ್ಲ. ಮನಸ್ಸು ಎಲ್ಲಕ್ಕೂ ಒಗ್ಗಿಹೋಗುತ್ತದೆ. ಹೊಸ ಮನೆಗೆ ಹೋದಾಗ ಕಿಟಕಿಯಿಂದ ಬರುವ ಬೆಳಕೇ ಚಂದ. ಆರು ತಿಂಗಳಾದ ಮೇಲೆ ಗೋಡೆಯ ಬಿರುಕು ಮಾತ್ರ ಕಣ್ಣಿಗೆ ಬೀಳುತ್ತದೆ, ಅಲ್ವಾ? 1978ರಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ದೊಡ್ಡ ಲಾಟರಿ ಗೆದ್ದಿದ್ದ 22 ಜನರ ಅಧ್ಯಯನ ಪ್ರಕಟಿಸಿದರು. ಗೆದ್ದವರ ಖುಷಿ ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಜಾಸ್ತಿ ಇರಲಿಲ್ಲ. ಗೆಳೆಯರ ಜೊತೆ ಮಾತಾಡುವಂಥ ದಿನನಿತ್ಯದ ಸಣ್ಣ ಸುಖಗಳಂತೂ ಅವರಿಗೆ ಸಪ್ಪೆಯಾಗಿದ್ದವು. ಚಿಕ್ಕ ಅಧ್ಯಯನ ನಿಜ. ಆದರೂ ನಾನು ದಿನಾ ನೋಡುವುದಕ್ಕೆ ಅದು ತಾಳೆಯಾಗುತ್ತದೆ. ‘ಆರೋಗ್ಯ’ ಎಂಬ ಪದಕ್ಕೂ ಮನಸ್ಸು ಹೀಗೇ ಒಗ್ಗಿಹೋಗುತ್ತದೆ.

ಆಕೆಗೆ ನಾನು ಕೇಳಿದ್ದು ಇಷ್ಟೇ: ವಾರಕ್ಕೆ ಒಂದು ಸಲ ಬರೆಯಿರಿ, ಒಂದೇ ಸಂಗತಿ. ಆದರೆ ಅದು ಯಾರಿಂದ ಆಯಿತು, ಅವರು ಅದಕ್ಕೆ ಏನು ಬಿಟ್ಟುಕೊಟ್ಟರು, ಅದು ಆಗದೇ ಹೋಗಿದ್ದರೆ ಏನಾಗುತ್ತಿತ್ತು, ಎಲ್ಲವನ್ನೂ ಬರೆಯಿರಿ.

ಮುಂದಿನ ಸಲ ಆಕೆ ಎರಡು ಪುಟ ತಂದಿದ್ದರು. ಮಗುವಿಗೆ ಜ್ವರ ಬಂದು ಮೂರು ರಾತ್ರಿ ನಿದ್ದೆ ಇಲ್ಲದ ದಿನಗಳು. ಅಕ್ಕ ಕೆಲಸ ಮುಗಿಸಿ ನೇರ ಬಂದು, ಮಗುವನ್ನು ಎತ್ತಿಕೊಂಡು, ‘ನೀನು ಮಲ್ಕೋ, ನಾನಿದೀನಿ’ ಅಂದಿದ್ದಳು. ಅಕ್ಕ ಬರದಿದ್ದರೆ? ಆ ಸಾಲಿನ ಹತ್ತಿರ ಶಾಯಿ ಹರಡಿತ್ತು.

ವಾರಕ್ಕೊಮ್ಮೆ ಎಂದದ್ದು ಸುಮ್ನೆ ಅಲ್ಲ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೇಲ್ ಮೆಕ್‌ಕಲ್ಲೋ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು 10 ವಾರ, ವಾರಕ್ಕೊಮ್ಮೆ ಬರೆದಿದ್ದರು. ಕಿರಿಕಿರಿಗಳನ್ನು ಬರೆದವರಿಗಿಂತ ಕೃತಜ್ಞತೆ ಬರೆದವರಿಗೆ ಬದುಕು ಹೆಚ್ಚು ಹಿತವೆನಿಸಿತ್ತು. ‘ಆಗದೇ ಹೋಗಿದ್ದರೆ’ ಎಂಬ ಪ್ರಶ್ನೆಯ ಬಲ 2008ರ ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಒಳ್ಳೆಯದು ಹೇಗೆ ಒದಗಿತು ಎಂದು ಬರೆದವರಿಗಿಂತ, ಅದು ಹೇಗೆ ತಪ್ಪಿಹೋಗಬಹುದಿತ್ತು ಎಂದು ಬರೆದವರ ಮನಸ್ಸು ಹೆಚ್ಚು ಅರಳಿತ್ತು.

ಇನ್ನು ತೃಪ್ತಿಯ ಮಾತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೊವನ್ನು ಸಂಶೋಧಕರು ತೋರಿಸಿದಾಗ ವಿದ್ಯಾರ್ಥಿಗಳಿಗೆ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲೇ ಖುಷಿ ಜಾಸ್ತಿ ಕಂಡಿತು. ಒಬ್ಬರಿಗೆ ಕೈತಪ್ಪಿದ ಚಿನ್ನದ ಚಿಂತೆ, ಇನ್ನೊಬ್ಬರಿಗೆ ಪದಕವೇ ತಪ್ಪಿಹೋಗಬಹುದಿತ್ತು ಎಂಬ ನೆನಪು. ಆಸೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಯಾವುದರ ಪಕ್ಕ ಇಟ್ಟು ಅಳೆಯುತ್ತಿದ್ದೀರಿ ಎಂದು ಕೇಳುತ್ತೇನೆ.

‘ನಿನಗಿಂತ ಕಷ್ಟದಲ್ಲಿರೋರನ್ನ ನೋಡು’ ಎಂಬ ಮಾತು ಮಾತ್ರ ನನಗೆ ಸೇರುವುದಿಲ್ಲ. ನೊಂದವರ ಬಾಯಿ ಮುಚ್ಚಿಸಲು ಅದು ಬಹಳ ಬಳಕೆಯಾಗಿದೆ. ಮನೆಯಲ್ಲಿ ಹೊಡೆತ ತಿನ್ನುವವರಿಗೆ, ದುಡಿದ ಸಂಬಳ ಸಿಗದವರಿಗೆ ‘ಇದ್ದುದರಲ್ಲಿ ತೃಪ್ತಿ ಪಡು’ ಎನ್ನುವುದು ಅನ್ಯಾಯ. ಖಿನ್ನತೆ ಇದ್ದವರಿಗೆ ಚಿಕಿತ್ಸೆ ಬೇಕು, ಅದನ್ನು ನೋಟ್‌ಬುಕ್ ಕೊಡಲಾರದು.

ಬರೆದದ್ದನ್ನು ಅಕ್ಕನಿಗೆ ಹೇಳಿದಿರಾ ಎಂದು ಕೇಳಿದಾಗ ಆಕೆ ತಲೆ ತಗ್ಗಿಸಿದರು. ‘ಅವಳಿಗೆ ಮುಜುಗರ ಆಗತ್ತೆ.’ ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ತೋರಿಸಿದ್ದು ಇದನ್ನೇ: ಧನ್ಯವಾದದ ಪತ್ರ ಬರೆಯುವವರು ಓದುವವರ ಮುಜುಗರವನ್ನು ನಿಜಕ್ಕಿಂತ ಜಾಸ್ತಿ ಊಹಿಸುತ್ತಾರೆ, ಅವರ ಸಂತೋಷವನ್ನು ಕಡಿಮೆ.

ಎರಡು ವಾರ ಬಿಟ್ಟು ಆಕೆ ಅಕ್ಕನಿಗೆ ಫೋನ್ ಮಾಡಿ ಎರಡೂ ಪುಟ ಓದಿ ಹೇಳಿದರಂತೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಕ್ಕ, ‘ನಿಂಗೆ ಅದು ಇನ್ನೂ ನೆನಪಿದ್ಯಾ?’ ಎಂದಳಂತೆ.