ಕಚ್ಚಿಕೊಂಡ ಎಂಜಿನ್ ಬಿಡುವುದು ಹೇಗೆ?

ವರ್ಷಗಟ್ಟಲೆ ಬಯಲಲ್ಲಿ ನಿಂತಿದ್ದ ಹಳೇ ಟ್ರ್ಯಾಕ್ಟರಿಗೆ ಹೊಸ ಬ್ಯಾಟರಿ ಕೂರಿಸಿ ಸೆಲ್ಫ್ ಹೊಡೆದರೆ ‘ಟಕ್’ ಅಂತ ಒಂದೇ ಸದ್ದು. ಎಂಜಿನ್ ಅಲ್ಲಾಡುವುದಿಲ್ಲ. ಫ್ಯಾನ್ ಹಿಡಿದು ತಿರುಗಿಸಿದರೆ ಬೆಲ್ಟ್ ಜಾರುತ್ತದೆ, ಒಳಗೆ ಏನೂ ಕದಲುವುದಿಲ್ಲ. ‘ಎಂಜಿನ್ ಸೀಜ್ ಆಗಿದೆ, ಗುಜರಿಗೆ ಹಾಕಿ’ ಅನ್ನುವ ಮಾತು ಬರುವುದು ಆಗಲೇ. ಎಷ್ಟೋ ಸಲ ಅದು ಅವಸರದ ಮಾತು. ಅಷ್ಟು ದೊಡ್ಡ ಎಂಜಿನ್ನನ್ನು ಹಿಡಿದು ನಿಲ್ಲಿಸಿರುವುದು ತುಕ್ಕಿನ ಒಂದು ತೆಳು ಪದರ ಅಷ್ಟೇ. ಆ ತುಕ್ಕು ಒಳಗೆ ಹೇಗೆ ಹುಟ್ಟಿತು ಅಂತ ತಿಳಿದರೆ, ಅದನ್ನು ಬಿಡಿಸುವ ದಾರಿಯೂ ಕಾಣುತ್ತದೆ.

ಕಚ್ಚುವುದರಲ್ಲಿ ಎರಡು ಬಗೆ. ಓಡುತ್ತಿದ್ದಾಗಲೇ ಕಚ್ಚಿದ್ದು ಒಂದು. ಆಯಿಲ್ ಖಾಲಿಯಾಗಿಯೋ ರೇಡಿಯೇಟರ್ ನೀರು ಬತ್ತಿಯೋ ಎಂಜಿನ್ ವಿಪರೀತ ಕಾಯುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಲೈನರ್ (ಪಿಸ್ಟನ್ ಏರಿಳಿಯುವ ಸಿಲಿಂಡರಿನ ಒಳಗೊಳವೆ) ಗೋಡೆಗೆ ಉಜ್ಜಿ, ಅಲ್ಲೇ ಮೆತ್ತಿಕೊಳ್ಳುತ್ತದೆ. ಲೋಹಕ್ಕೆ ಲೋಹ ಬೆಸೆದ ಮೇಲೆ ಯಾವ ಎಣ್ಣೆಯೂ ಕೆಲಸಕ್ಕೆ ಬಾರದು, ಎಂಜಿನ್ ಬಿಚ್ಚಲೇಬೇಕು. ಇನ್ನೊಂದು, ಚೆನ್ನಾಗಿ ಓಡುತ್ತಿದ್ದುದನ್ನು ನಿಲ್ಲಿಸಿದ ಮೇಲೆ ನಿಂತಲ್ಲೇ ತುಕ್ಕು ಹಿಡಿದು ಕಚ್ಚಿದ್ದು. ಇದನ್ನು ಬಿಡಿಸಬಹುದು. ಹಾಗಾಗಿ ಹಳೇ ಟ್ರ್ಯಾಕ್ಟರ್ ಕೊಳ್ಳುವವರು ‘ಎಷ್ಟು ವರ್ಷದಿಂದ ನಿಂತಿದೆ’ ಅಂತ ಕೇಳುವ ಮೊದಲು ‘ಯಾಕೆ ನಿಂತಿತು’ ಅಂತ ಕೇಳುವುದು ಒಳ್ಳೆಯದು.

ನಿಂತ ಎಂಜಿನ್ನಿನೊಳಗೆ ನೀರು ಎಲ್ಲಿಂದ ಬಂತು? ನಾಲ್ಕು ಸಿಲಿಂಡರಿನ ಎಂಜಿನ್ ಎಲ್ಲೇ ನಿಲ್ಲಲಿ, ಯಾವುದಾದರೂ ಸಿಲಿಂಡರಿನ ವಾಲ್ವ್ (ಗಾಳಿ, ಹೊಗೆ ಹೋಗಿಬರುವ ಬಾಗಿಲು) ತೆರೆದೇ ಇರುತ್ತದೆ. ಸೈಲೆನ್ಸರ್ ಕೊಳವೆ ಮೇಲ್ಮುಖವಾಗಿದ್ದು ಅದಕ್ಕೆ ಮುಚ್ಚಳ ಇಲ್ಲದಿದ್ದರೆ ಮಳೆನೀರು ನೇರ ಆ ಸಿಲಿಂಡರಿಗೆ ಇಳಿಯಬಹುದು. ಮಳೆ ಬೀಳದಿದ್ದರೂ ತೇವ ತಪ್ಪುವುದಿಲ್ಲ. ರಾತ್ರಿ ತಣ್ಣಗಾದ ಕಬ್ಬಿಣ ಬೆಳಿಗ್ಗೆ ನಿಧಾನವಾಗಿ ಬಿಸಿಯಾಗುತ್ತದೆ, ಗಾಳಿ ಬೇಗ ಬಿಸಿಯಾಗುತ್ತದೆ. ಆ ಗಾಳಿಯಲ್ಲಿನ ತೇವ ತಣ್ಣನೆಯ ಲೈನರ್ ಗೋಡೆಯ ಮೇಲೆ ಹನಿಗಟ್ಟುತ್ತದೆ. ದಿನವೂ ಸ್ವಲ್ಪ ಸ್ವಲ್ಪ. ವಾಲ್ವ್ ಮುಚ್ಚಿರುವ ಸಿಲಿಂಡರ್‌ಗಳು ಈ ಕಾಟದಿಂದ ಬಹುಪಾಲು ಪಾರಾಗುತ್ತವೆ. ಅದಕ್ಕೇ ಹೆಚ್ಚಾಗಿ ಕಚ್ಚಿರುವುದು ಒಂದೋ ಎರಡೋ ಪಿಸ್ಟನ್, ಉಳಿದವು ಅವುಗಳ ಜೊತೆ ಸುಮ್ನೆ ನಿಂತಿರುತ್ತವೆ.

ಅಂಥ ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಿ ಟಾರ್ಚ್ ಹಾಕಿದರೆ ಇದು ಕಾಣುತ್ತದೆ. ಒಂದು ಸಿಲಿಂಡರಿನ ಗೋಡೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ಪಕ್ಕದ್ದರಲ್ಲಿ ಕೆಂಪು ಹುಡಿ. ಪಿಸ್ಟನ್ನಿನ ತಲೆಯ ಸುತ್ತ, ಗೋಡೆ ಸೇರುವ ಕಡೆ, ಕಂದು ಕೆಸರಿನ ಬಳೆ. ಅದರ ಕೆಳಗೇ ಪಿಸ್ಟನ್ನಿನ ಸುತ್ತ ತೊಡಿಸಿದ ರಿಂಗ್‌ಗಳಿವೆ. ರಿಂಗೂ ಲೈನರೂ ಸಾಮಾನ್ಯವಾಗಿ ಎರಕದ ಕಬ್ಬಿಣದವು, ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ಇಕ್ಕಟ್ಟಾದ ಸಂದಿಗೆ ನೀರು ತಾನಾಗೇ ಎಳೆದುಕೊಳ್ಳುತ್ತದೆ, ಎಲ್ಲೆಡೆ ಒಣಗಿದ ಮೇಲೂ ಅಲ್ಲಿ ಉಳಿದಿರುತ್ತದೆ. ತುಕ್ಕಿನ ಇನ್ನೊಂದು ಗುಣ ಕೇಡು ಮಾಡುವುದು ಇಲ್ಲೇ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಜಾಸ್ತಿಯಾಗುತ್ತದೆ. ಜಾಗವೇ ಇಲ್ಲದ ಸಂದಿಯಲ್ಲಿ ಹೀಗೆ ಉಬ್ಬಿದರೆ ರಿಂಗಿನ ಎರಡೂ ಕಡೆ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ.

ಕೈ ಹಾಕುವ ಮೊದಲು ಕಚ್ಚಿರುವುದು ಎಂಜಿನ್ನೇ ಹೌದಾ ಅಂತ ಖಚಿತ ಮಾಡಿಕೊಳ್ಳಬೇಕು. ಗೇರ್ ನ್ಯೂಟ್ರಲ್‌ನಲ್ಲಿದೆಯೇ? ಸೆಲ್ಫ್ ಮೋಟರಿನ ಹಲ್ಲು ಫ್ಲೈವೀಲಿಗೆ (ಎಂಜಿನ್ ಜೊತೆ ಸುತ್ತುವ ಭಾರದ ಹಲ್ಲುಚಕ್ರ) ಸಿಕ್ಕಿಕೊಂಡಿದೆಯೇ? ಆ ಮೋಟರನ್ನು ಬಿಚ್ಚಿ ನೋಡಿದರೆ ಕೆಲವೊಮ್ಮೆ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಆಮೇಲೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಎಲ್ಲ ನಾಜಲ್‌ಗಳನ್ನೂ ಬಿಚ್ಚಬೇಕು. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಅದೇ ಪಿಸ್ಟನ್ನನ್ನು ತಡೆಯುತ್ತದೆ, ಯಾಕೆಂದರೆ ನೀರನ್ನು ಗಾಳಿಯ ಹಾಗೆ ಅದುಮಲು ಆಗುವುದಿಲ್ಲ. ನಾಜಲ್ ತೂತಿನಿಂದ ಅದು ಹೊರಗೆ ಬರಲಿ. ವಾಲ್ವ್ ಕವರ್ ಕೂಡ ತೆಗೆಯಬೇಕು. ವಾಲ್ವ್ ಕಾಂಡ ಗೈಡಿನೊಳಗೆ ತುಕ್ಕು ಹಿಡಿದು ತೆರೆದೇ ನಿಂತಿದ್ದರೆ ಮೇಲೆ ಬರುವ ಪಿಸ್ಟನ್ ಅದಕ್ಕೆ ಬಡಿಯಬಹುದು. ವಾಲ್ವನ್ನು ಒತ್ತುವ ರಾಕರ್‌ಗಳನ್ನು ಬಿಚ್ಚಿಟ್ಟು, ಒಂದೊಂದೇ ವಾಲ್ವನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಕೆಳಗೆ ಹೋಗಿ ಸ್ಪ್ರಿಂಗಿನಿಂದ ತಾನೇ ಮೇಲೆ ಬರುತ್ತದೆಯೇ ಅಂತ ನೋಡುವುದು ವಾಸಿ.

ಈಗ ನಾಜಲ್ ತೂತಿನಿಂದ ಸಿಲಿಂಡರಿಗೆ ಸುರಿಯುವ ಎಣ್ಣೆ. ಇಲ್ಲಿ ವಿಜ್ಞಾನ ತುಂಬಾ ಚೆಂದ ಇದೆ.

ನೀರು ಯಾವ ಬಲದಿಂದ ಸಂದಿಗೆ ಹೋಯಿತೋ ಅದೇ ಬಲದಿಂದ ಎಣ್ಣೆಯೂ ಹೋಗಬೇಕು. ದ್ರವ ಲೋಹಕ್ಕೆ ಅಂಟಿಕೊಳ್ಳುತ್ತಾ ಸಂದಿಯುದ್ದಕ್ಕೂ ತನ್ನನ್ನು ತಾನೇ ಎಳೆದುಕೊಂಡು ಮುಂದೆ ಹೋಗುವುದಕ್ಕೆ ಲೋಮನಾಳ ಕ್ರಿಯೆ ಅನ್ನುತ್ತಾರೆ. ತುಕ್ಕಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಎಣ್ಣೆಗೆ ದಾರಿ ಇದ್ದೇ ಇರುತ್ತದೆ. ಆದರೆ ಆ ದಾರಿಯಲ್ಲಿ ಎಷ್ಟು ಬೇಗ ಹೋಗುತ್ತದೆ? ಅಮೆರಿಕದ ವಿಜ್ಞಾನಿ ಎಡ್ವರ್ಡ್ ವಾಶ್‌ಬರ್ನ್ 1921ರಲ್ಲಿ ಪ್ರಕಟಿಸಿದ ಸೂತ್ರ ಇದಕ್ಕೆ ಉತ್ತರ ಕೊಡುತ್ತದೆ. ದ್ರವ ಎಷ್ಟು ಆಳಕ್ಕೆ ಇಳಿಯಬೇಕೋ ಆ ಆಳದ ವರ್ಗದಷ್ಟು ಸಮಯ ಬೇಕು. ಅಂದರೆ ಎರಡು ಪಟ್ಟು ಆಳಕ್ಕೆ ನಾಲ್ಕು ಪಟ್ಟು ಹೊತ್ತು, ಮೂರು ಪಟ್ಟು ಆಳಕ್ಕೆ ಒಂಬತ್ತು ಪಟ್ಟು. ಮೊದಲ ರಿಂಗಿಗೆ ಒಂದು ದಿನದಲ್ಲಿ ತಲುಪಿದ ಎಣ್ಣೆ ಮೂರನೆಯದಕ್ಕೆ ಮೂರು ದಿನದಲ್ಲಿ ತಲುಪುತ್ತದೆ ಅಂತ ಲೆಕ್ಕ ಹಾಕಿದರೆ ಮೋಸ ಹೋದಂತೆಯೇ. ಸುರಿದ ಎಣ್ಣೆ ಕೆಲಸ ಮಾಡಲಿಲ್ಲ ಅಂತ ಎರಡನೇ ದಿನಕ್ಕೇ ಸುತ್ತಿಗೆ ಎತ್ತಿಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ವಾರಗಟ್ಟಲೆ ಕಾಯುವುದಕ್ಕೆ ಕಾರಣ ಇಲ್ಲಿದೆ.

ಅದೇ ಸೂತ್ರದಿಂದ ಇನ್ನೊಂದು ಮಾತೂ ತಿಳಿಯುತ್ತದೆ. ದ್ರವ ಎಷ್ಟು ಮಂದವೋ ಅಷ್ಟು ಹೊತ್ತು ಜಾಸ್ತಿ. 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸಾಮಾನ್ಯ ಡೀಸೆಲ್ ಎಂಜಿನ್ ಆಯಿಲ್ ಡೀಸೆಲಿಗಿಂತ ಸುಮಾರು 30 ಪಟ್ಟು ಮಂದ. ಹಾಗಾಗಿ ಬರೀ ಎಂಜಿನ್ ಆಯಿಲ್ ಸುರಿದು ಕಾಯುವುದರಲ್ಲಿ ಅರ್ಥವಿಲ್ಲ. ಡೀಸೆಲ್ ಅಥವಾ ಸೀಮೆಎಣ್ಣೆ ಬೇಗ ಇಳಿಯುತ್ತದೆ, ಆದರೆ ಜಾರುವ ಗುಣ ಕಮ್ಮಿ. ಅದಕ್ಕೇ ಹಳೇ ಮೆಕ್ಯಾನಿಕ್‌ಗಳು ಡೀಸೆಲಿನ ಜೊತೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ ಬೆರೆಸಿ ಹಾಕುತ್ತಾರೆ. ಬೆರಕೆ ಯಾವುದೇ ಇರಲಿ, ಇಳಿದಷ್ಟನ್ನು ಮತ್ತೆ ತುಂಬುತ್ತಿರಬೇಕು. ಮಟ್ಟ ಇಳಿಯುತ್ತಿದ್ದರೆ ಎಣ್ಣೆ ಪಿಸ್ಟನ್ ದಾಟುತ್ತಿದೆ ಅಂತ ಅರ್ಥ, ಅದು ಒಳ್ಳೆಯ ಸುದ್ದಿ. ಒಂದು ಮಾತು: ಈ ಎಣ್ಣೆಗಳು ತುಕ್ಕನ್ನು ಕರಗಿಸುವುದಿಲ್ಲ. ಅದರ ಒಳಹೊಕ್ಕು ಜಾರುವ ಹಾಗೆ ಮಾಡುತ್ತವೆ. ತುಕ್ಕನ್ನು ನಿಜವಾಗಿ ಕರಗಿಸುವುದು ವಿನಿಗರಿನಂಥ ಹುಳಿ, ಆದರೆ ಹುಳಿ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಬಿಚ್ಚಿ ಹೊರಗಿಟ್ಟ ಬಿಡಿಭಾಗಕ್ಕೆ ಸರಿ, ಜೋಡಿಸಿದ ಎಂಜಿನ್ನಿಗೆ ಬೇಡ.

ಎಣ್ಣೆಗೆ ಸಹಾಯ ಮಾಡುವುದು ಬಿಸಿ. ಲೆಕ್ಕ ಹಾಕಿ ನೋಡೋಣ. ಎರಕದ ಕಬ್ಬಿಣದ ಲೈನರಿನ ಒಳ ಅಳತೆ 100 ಮಿಲಿಮೀಟರ್ ಅಂದುಕೊಳ್ಳಿ. ಬಿಸಿ 60 ಡಿಗ್ರಿ ಏರಿದರೆ ಅದು ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಹಿಗ್ಗುವುದು ಇದರ ಎರಡು ಪಟ್ಟು, ಹತ್ತಿರಹತ್ತಿರ 0.14. ಅಂದರೆ ಎರಡೂ ಸಮನಾಗಿ ಬಿಸಿಯಾದರೆ ಪಿಸ್ಟನ್ ಇನ್ನೂ ಬಿಗಿಯಾಗುತ್ತದೆ, ಸಡಿಲವಾಗುವುದಿಲ್ಲ! ಹಾಗಾದರೆ ಬಿಸಿ ಮಾಡಿ ಏನು ಲಾಭ? ಲಾಭ ಇರುವುದು ಏರಿಳಿತದಲ್ಲಿ. ರೇಡಿಯೇಟರಿಗೆ ಬಿಸಿನೀರು ತುಂಬಿದಾಗ ಮೊದಲು ಕಾಯುವುದು ಲೈನರ್, ಪಿಸ್ಟನ್ ಹಿಂದೆ ಉಳಿಯುತ್ತದೆ. ಆಮೇಲೆ ಪಿಸ್ಟನ್ ಹಿಗ್ಗುತ್ತದೆ. ತಣ್ಣಗಾಗುವಾಗ ಅದೇ ಜಾಸ್ತಿ ಕುಗ್ಗುತ್ತದೆ. ಪ್ರತಿ ಸಲವೂ ಎರಡು ಲೋಹಗಳ ನಡುವೆ ಕೂದಲೆಳೆಗಿಂತ ಸಣ್ಣ ಕದಲಿಕೆ. ತುಕ್ಕು ಬಿರುಸು ವಸ್ತು, ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಆ ಬಿರುಕಿಗೆ ಎಣ್ಣೆ ಇಳಿಯುತ್ತದೆ. ಹೀಗೆ ಕಾಯಿಸಿ ಆರಿಸುವುದನ್ನು ಮತ್ತೆ ಮತ್ತೆ ಮಾಡಬೇಕು. ಬೆಂಕಿಯ ಜ್ವಾಲೆ ಮಾತ್ರ ಹತ್ತಿರ ತರಬಾರದು. ಸಿಲಿಂಡರಿನಲ್ಲಿ ಇರುವುದು ಡೀಸೆಲ್ ಅಲ್ವಾ? ಕಾದ ಬ್ಲಾಕಿಗೆ ತಣ್ಣೀರು ಸುರಿದರೂ ಎರಕದ ಕಬ್ಬಿಣ ಸೀಳಬಹುದು.

ಬಲ ಹಾಕುವ ಸರದಿ ಈಗ. ಎಲ್ಲಿ ಹಾಕುತ್ತೇವೆ ಅನ್ನುವುದು ಮುಖ್ಯ. ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಜೋತುಬಿದ್ದರೆ ನಟ್ಟೇ ಮುರಿಯಬಹುದು. ಫ್ಲೈವೀಲ್ ಕಡೆಯಿಂದ ತಿರುಗಿಸುವುದು ಒಳ್ಳೆಯದು. ಒಂದು ಮೀಟರ್ ಉದ್ದದ ಸಲಾಕೆಯನ್ನು ಫ್ಲೈವೀಲಿಗೆ ಭದ್ರವಾಗಿ ಬಿಗಿದು ತುದಿಗೆ 50 ಕಿಲೋ ತೂಗಿದ್ದೇವೆ ಅಂದುಕೊಳ್ಳಿ. ಎಂಜಿನ್ನಿನ ಸ್ಟ್ರೋಕ್ (ಪಿಸ್ಟನ್ ತುದಿಯಿಂದ ತಳಕ್ಕೆ ಸಾಗುವ ದೂರ) 110 ಮಿಲಿಮೀಟರ್ ಇದ್ದರೆ, ಆ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕಿನ ತೋಳು 55 ಮಿಲಿಮೀಟರ್. ನಡುಮಧ್ಯದಲ್ಲಿ ನಿಂತ ಪಿಸ್ಟನ್ ಮೇಲೆ ಬೀಳುವ ಬಲ ಸುಮಾರು 18 ಪಟ್ಟು, ಅಂದರೆ 900 ಕಿಲೋ ತೂಕದಷ್ಟು. ಓಡುವಾಗ ಉರಿಯುವ ಅನಿಲ ಇದಕ್ಕಿಂತ ಎಷ್ಟೋ ಜಾಸ್ತಿ ಒತ್ತುತ್ತದೆ, ಹಾಗಾಗಿ ಇಂಥ ಸಮ ಭಾರವನ್ನು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ತಾಳಿಕೊಳ್ಳುತ್ತದೆ. ಆ ಭಾರವನ್ನು ಹಾಗೇ ಬಿಟ್ಟು ರಾತ್ರಿಯೆಲ್ಲ ಎಣ್ಣೆಯ ಜೊತೆ ಕೆಲಸ ಮಾಡಲು ಬಿಡುವುದು ನನಗೆ ತುಂಬಾ ಒಪ್ಪಿಗೆಯಾದ ವಿಧಾನ.

ಪಿಸ್ಟನ್ ತಲೆಗೆ ಮರದ ದಿಮ್ಮಿ ಇಟ್ಟು ಬಡಿಯುವವರು ಮೊದಲು ಪಿಸ್ಟನ್ ಎಲ್ಲಿ ನಿಂತಿದೆ ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ 1 ಮತ್ತು 4 ಜೊತೆಯಾಗಿ ಏರುತ್ತವೆ, 2 ಮತ್ತು 3 ಜೊತೆಯಾಗಿ ಇಳಿಯುತ್ತವೆ. ಎರಡು ತುತ್ತತುದಿಯಲ್ಲಿ, ಎರಡು ತಳದಲ್ಲಿ ನಿಂತಿದ್ದರೆ ರಾಡೂ ಕ್ರ್ಯಾಂಕಿನ ತೋಳೂ ಒಂದೇ ಗೆರೆಯಲ್ಲಿರುತ್ತವೆ. ಆಗ ಯಾವ ಪಿಸ್ಟನ್ನಿಗೆ ಎಷ್ಟೇ ಬಡಿದರೂ ಕ್ರ್ಯಾಂಕ್ ತಿರುಗುವುದಿಲ್ಲ, ಏಟೆಲ್ಲ ಬೇರಿಂಗಿಗೆ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ತೋಳುಗಳು 120 ಡಿಗ್ರಿ ಅಂತರದಲ್ಲಿರುವುದರಿಂದ ಎಲ್ಲವೂ ಒಟ್ಟಿಗೆ ಹೀಗೆ ಸಿಕ್ಕಿಕೊಳ್ಳುವುದಿಲ್ಲ. ಬಡಿಯುವುದಿದ್ದರೂ ದಿಮ್ಮಿ ಪಿಸ್ಟನ್ನಿನ ಅಗಲಕ್ಕೆ ಸರಿಯಾಗಿರಬೇಕು. ಒಂದೇ ಕಡೆ ಏಟು ಬಿದ್ದರೆ ಅಲ್ಯೂಮಿನಿಯಂ ಒಡೆಯಬಹುದು.

ಟಾಪ್ ಗೇರಿಗೆ ಹಾಕಿ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸುವುದನ್ನು ನಾನು ಒಪ್ಪುವುದಿಲ್ಲ. ಬಿಡುವುದೂ ಉಂಟು, ನಿಜ. ಆದರೆ ಕೈಯಲ್ಲಿ ತಿರುಗಿಸುವಾಗ ಏನೋ ತಡೆಯಿತು ಅಂದರೆ ಅಲ್ಲೇ ನಿಲ್ಲಿಸಬಹುದು. ಎಳೆಯುವ ಟ್ರ್ಯಾಕ್ಟರಿಗೆ ಅದು ಗೊತ್ತಾಗುವುದಿಲ್ಲ. ಬಿಟ್ಟ ಕ್ಷಣದಲ್ಲೇ ಆಯಿಲ್ ಇಲ್ಲದ ಬೇರಿಂಗ್, ತುಕ್ಕಿನ ಹುಡಿ ತುಂಬಿದ ಲೈನರ್, ಸಿಕ್ಕಿಕೊಂಡ ವಾಲ್ವ್ ಎಲ್ಲವೂ ಒಟ್ಟಿಗೆ ಸುತ್ತುತ್ತವೆ.

ಮೊದಲ ಕದಲಿಕೆ ಫ್ಲೈವೀಲಿನ ಒಂದು ಹಲ್ಲಿನಷ್ಟೂ ಇರುವುದಿಲ್ಲ. ಅಲ್ಲಿಗೇ ಮುಂದಕ್ಕೆ ನೂಕಬಾರದು. ಹಿಂದೆ ತಿರುಗಿಸಿ, ಮತ್ತೆ ಮುಂದೆ. ಪಿಸ್ಟನ್ನಿನ ಮೇಲಿನ ಗೋಡೆಯಲ್ಲಿ ತುಕ್ಕು ಕೂತಿರುತ್ತದೆ, ಅದರ ಮೇಲೆ ರಿಂಗ್ ಹತ್ತಿದರೆ ಮುರಿಯಬಹುದು. ಹೆಡ್ ತೆಗೆದಿದ್ದರೆ ಅದನ್ನು ನುಣ್ಣನೆಯ ಎಮರಿ ಕಾಗದದಿಂದ ಉಜ್ಜಿ, ಹುಡಿ ಒರೆಸಿ, ಆಮೇಲೆ ಮುಂದುವರಿಯಬೇಕು. ಏನು ಮಾಡಿದರೂ ಒಂದು ಪಿಸ್ಟನ್ ಬಿಡದಿದ್ದರೆ, ಬಿಚ್ಚಿ ತೆಗೆಯುವಂಥ ಲೈನರ್ ಇರುವ ಎಂಜಿನ್ನಿನಲ್ಲಿ ಕೊನೆಯ ದಾರಿ ಇದೆ: ಕೆಳಗಿನಿಂದ ಆ ರಾಡಿನ ಬೇರಿಂಗ್ ಕ್ಯಾಪ್ ಬಿಚ್ಚಿ, ಪಿಸ್ಟನ್ ಸಮೇತ ಲೈನರನ್ನೇ ಮೇಲೆತ್ತುವುದು.

ಎಂಜಿನ್ ಪೂರ್ತಿ ಸುತ್ತು ತಿರುಗಿದ ಕೂಡಲೇ ಸ್ಟಾರ್ಟ್ ಮಾಡುವ ಆಸೆ ಹುಟ್ಟುತ್ತದೆ. ಅಪಾಯ ಇರುವುದು ಆಗಲೇ. ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನಲ್ಲಿರುವುದು ಈಗ ಆಯಿಲ್ಲೂ ಡೀಸೆಲ್ಲೂ ನೀರೂ ಸೇರಿದ ಬೆರಕೆ. ಪ್ಲಗ್ ಬಿಚ್ಚಿದರೆ ಮೊದಲು ಬರುವುದು ಭಾರದ ನೀರು. ಅದೆಲ್ಲ ಹೋಗಿ ಹೊಸ ಆಯಿಲ್, ಹೊಸ ಫಿಲ್ಟರ್ ಬರಬೇಕು. ನಂತರ ಡೀಸೆಲ್ ಪಂಪು. ಎಂಜಿನ್ ನಿಂತಿರುವಾಗ ಗವರ್ನರ್ (ವೇಗ ಹತೋಟಿಯಲ್ಲಿಡುವ ಭಾಗ) ಸ್ಪ್ರಿಂಗು, ಎಷ್ಟು ಡೀಸೆಲ್ ಹೋಗಬೇಕೆಂದು ನಿರ್ಧರಿಸುವ ಪಂಪಿನ ಸರಳಾದ ರ‍್ಯಾಕನ್ನು ಪೂರ್ತಿ ಡೀಸೆಲ್ ಕಡೆಗೆ ತಳ್ಳುವ ಪಂಪುಗಳಿವೆ. ಹಳೇ ಡೀಸೆಲ್ ಅಂಟಾಗಿ ರ‍್ಯಾಕ್ ಅಲ್ಲೇ ಹಿಡಿದಿದ್ದರೆ, ಸ್ಟಾರ್ಟ್ ಆದ ಎಂಜಿನ್ ಹತೋಟಿ ಮೀರಿ ಓಡುತ್ತದೆ. ರ‍್ಯಾಕ್ ಸಲೀಸಾಗಿ ಹಿಂದೆ ಮುಂದೆ ಆಡುವುದನ್ನು ಕಣ್ಣಾರೆ ನೋಡಬೇಕು. ಸಿಲಿಂಡರಿಗೆ ಸುರಿದ ಎಣ್ಣೆಯೂ ಉರಿಯುವಂಥದ್ದೇ. ಅದು ಇನ್‌ಟೇಕ್ ಕೊಳವೆಯಲ್ಲಿ ನಿಂತಿದ್ದರೆ ಡೀಸೆಲ್ ನಿಲ್ಲಿಸಿದರೂ ಎಂಜಿನ್ ನಿಲ್ಲುವುದಿಲ್ಲ. ಹಾಗಾದಾಗ ಗಾಳಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ಗಾಳಿ ಒಳಗೆ ಹೋಗುವ ಬಾಯಿಗೆ ಮುಚ್ಚಲು ದಪ್ಪ ಹಲಗೆಯನ್ನು ಕೈಗೆಟಕುವ ಹಾಗೆ ಇಟ್ಟುಕೊಂಡಿರಬೇಕು. ಕೈ ಅಡ್ಡ ಇಡಬಾರದು.

ನಾಜಲ್ ಹಾಕುವ ಮುಂಚೆ ಸೆಲ್ಫ್ ಹೊಡೆದು ಎಂಜಿನ್ನನ್ನು ಸುಮ್ನೆ ಸುತ್ತಿಸಿದರೆ ಉಳಿದ ಎಣ್ಣೆ ತೂತುಗಳಿಂದ ಚಿಮ್ಮಿ ಹೊರಗೆ ಬೀಳುತ್ತದೆ, ಆಯಿಲ್ ಮೀಟರಿನ ಮುಳ್ಳೂ ಮೇಲೇಳುತ್ತದೆ. ಮುಳ್ಳು ಎದ್ದ ಮೇಲೇ ನಾಜಲ್ ಕೂರಿಸಿ ಸ್ಟಾರ್ಟ್ ಮಾಡಬೇಕು. ಮೊದಮೊದಲು ದಟ್ಟ ಹೊಗೆ ಬರುತ್ತದೆ, ಅದು ಒಳಗೆ ನೆನೆಸಿಟ್ಟ ಎಣ್ಣೆ ಉರಿಯುವುದು. ಸ್ವಲ್ಪ ಹೊತ್ತು ನಿಧಾನವಾಗಿ ಓಡಿಸಿ ನಿಲ್ಲಿಸಿ, ಬಿಸಿ ಇರುವಾಗಲೇ ಆಯಿಲನ್ನು ಇನ್ನೊಮ್ಮೆ ಇಳಿಸಬೇಕು. ಲೈನರಿನಿಂದ ಕಿತ್ತ ತುಕ್ಕಿನ ಹುಡಿ ಅದರಲ್ಲೇ ಇರುತ್ತದೆ.