ಅಂಗಡಿ ಬಿಲ್ಲೆಗಳಲ್ಲಿ ಉಳಿದ ಅಚ್ಚುಗಾರನ ಕೈಗುರುತು

1862ರಲ್ಲಿ ಅಮೆರಿಕದ ಉತ್ತರದ ಪಟ್ಟಣಗಳಲ್ಲಿ ಚಿಲ್ಲರೆಗೆ ಬರ ಬಂದಿತ್ತು. ಅಂತರ್ಯುದ್ಧದ ದಿಗಿಲಿನಲ್ಲಿ ಜನ ಮೊದಲು ಚಿನ್ನವನ್ನೂ ಬಳಿಕ ಬೆಳ್ಳಿಯನ್ನೂ ಕೊನೆಗೆ ಒಂದು ಸೆಂಟಿನ ನಾಣ್ಯವನ್ನೂ ಬಚ್ಚಿಟ್ಟುಕೊಂಡಾಗ, ದಿನಸಿ ಅಂಗಡಿ, ಮದ್ಯದಂಗಡಿಗಳವರು ಸುಮಾರು 19 ಮಿಲಿಮೀಟರ್ ಅಗಲದ ತಾಮ್ರದ ಬಿಲ್ಲೆಗಳನ್ನು ತಮ್ಮ ಹೆಸರಿನಲ್ಲೇ ಹೊಡೆಸಿ ಸೆಂಟಿನ ಬದಲು ಚಲಾವಣೆಗೆ ಬಿಟ್ಟರು. 1864ರ ಕಾನೂನು ಇದನ್ನು ನಿಷೇಧಿಸಿತು.

ಇವುಗಳನ್ನು ಸಂಗ್ರಹಿಸುವವರು ಅಂಗಡಿಯ ಹೆಸರನ್ನು ನೋಡಿ ಶುರುಮಾಡುತ್ತಾರೆ. ಆದರೆ ನಿಜವಾದ ಸ್ವಾರಸ್ಯವಿರುವುದು ಅಚ್ಚು ಕೊರೆದವನನ್ನು ಪತ್ತೆಹಚ್ಚುವುದರಲ್ಲಿ ಎಂಬುದು ನನ್ನ ನಂಬಿಕೆ. ಮೆದುವಾದ ಉಕ್ಕಿನ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ ಕೊರೆದು, ಅಕ್ಷರಗಳನ್ನು ಒಂದೊಂದಾಗಿ ಪಂಚಿನಿಂದ, ಅಂದರೆ ತುದಿಯಲ್ಲಿ ಅಕ್ಷರವಿರುವ ಉಕ್ಕಿನ ಮೊಳೆಯಿಂದ, ಹೊಡೆದು, ಆಮೇಲೆ ಉಕ್ಕನ್ನು ಕಾಯಿಸಿ ತಟ್ಟನೆ ತಣಿಸಿ ಗಟ್ಟಿಮಾಡಿದರೆ ಅಚ್ಚು ಸಿದ್ಧ. ಪಂಚಿನ ತುದಿ ಒಮ್ಮೆ ಮುಕ್ಕಾದರೆ, ಆ ಮುಕ್ಕು ಮುಂದೆ ಅದರಿಂದ ಹೊಡೆದ ಅಚ್ಚುಗಳಲ್ಲೆಲ್ಲ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಸಹಿಯೇ ಇಲ್ಲದ ಎರಡು ಬಿಲ್ಲೆಗಳು ಒಂದೇ ಕಾರ್ಖಾನೆಯವು ಎಂದು ಭೂತಗನ್ನಡಿ ಹಿಡಿದು ಹೇಳಬಹುದು. ಗಟ್ಟಿಯಾದ ಉಕ್ಕು ಪೆಟ್ಟು ತಿಂದು ತಿಂದು ಸೀಳಿದಾಗ, ಆ ಬಿರುಕಿಗೆ ತಾಮ್ರ ನುಗ್ಗಿ ಬಿಲ್ಲೆಯ ಮೇಲೆ ಉಬ್ಬುಗೆರೆ ಮೂಡುತ್ತದೆ. ಒಂದೇ ಅಚ್ಚಿನ ಬಿಲ್ಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ, ಗೆರೆ ಉದ್ದವಾದಷ್ಟೂ ಬಿಲ್ಲೆ ನಂತರದ್ದು. ಸಿನ್ಸಿನಾಟಿಯ ಅಚ್ಚುಗಾರ ಜಾನ್ ಸ್ಟಾಂಟನ್ ಹಿಂಬದಿಯ ಒಂದೇ ಅಚ್ಚನ್ನು ಹಲವು ವ್ಯಾಪಾರಿಗಳಿಗೆ ಬಳಸಿದ್ದರಿಂದ, ಯಾರ ಬಿಲ್ಲೆ ಮೊದಲು, ಯಾರದು ಆಮೇಲೆ ಎಂಬುದನ್ನೂ ಈ ಗೆರೆ ತಿಳಿಸಬಲ್ಲದು.

ತಿರುಗುಮುರುಗಾಗಿ ಬರೆಯುವ ಕೆಲಸದಲ್ಲಿ ಕೈತಪ್ಪುವುದೂ ಉಂಟು. ಅಂಗಡಿಯ ಹೆಸರಿಲ್ಲದ, ದೇಶಾಭಿಮಾನದ ಘೋಷಣೆಯುಳ್ಳ 1863ರ ಒಂದು ಬಿಲ್ಲೆಯಲ್ಲಿ, ಧ್ವಜ ಕೀಳಲು ಬಂದವನನ್ನು ‘ಆನ್ ದ ಸ್ಪಾಟ್’ ಗುಂಡಿಕ್ಕಿ ಎಂದಿರಬೇಕಾದಲ್ಲಿ ಒಂದು ‘ಓ’ ಹೆಚ್ಚಾಗಿ ‘ಸ್ಪೂಟ್’ ಎಂದಾಗಿದೆ. ಒಬ್ಬ ಮನುಷ್ಯ ಇದನ್ನು ಕೈಯಾರೆ ಮಾಡಿದ ಎಂಬುದು ಆ ಒಂದು ಅಕ್ಷರದಲ್ಲಿ ಕಣ್ಣಿಗೆ ಕಟ್ಟುತ್ತದೆ. ಅದಕ್ಕೇ ಅದು ನನಗೆ ಅಷ್ಟು ಪ್ರಿಯ.

ಫಿಲಡೆಲ್ಫಿಯಾದ ಅಚ್ಚುಗಾರ ರಾಬರ್ಟ್ ಲೋವೆಟ್ ಜೂನಿಯರ್ 1860ರಲ್ಲಿ ತನ್ನದೇ ಅಂಗಡಿಯ ಬಿಲ್ಲೆ ಹೊರಡಿಸಿದ್ದ. ಅದರ ಮೇಲಿನ ಸ್ವಾತಂತ್ರ್ಯದೇವಿಯ ಮುಖವೇ ಅಂತರ್ಯುದ್ಧದಲ್ಲಿ ಉತ್ತರದ ಎದುರು ನಿಂತ ದಕ್ಷಿಣ ಒಕ್ಕೂಟದ ಹೆಸರಿನ, 1861ರ ಅತಿ ವಿರಳವಾದ ಸೆಂಟಿನ ಮೇಲೂ ಇದೆ. ಸಂಗ್ರಾಹಕರು ಅದನ್ನು ಲೋವೆಟ್‌ನ ಕೆಲಸವೆಂದು ಎಣಿಸುತ್ತ ಬಂದಿರುವುದಕ್ಕೆ ಈ ಮುಖವೊಂದೇ ಕಾರಣವಲ್ಲ. ಸೆಂಟನ್ನು ತಿರುಗಿಸಿ ಹಿಡಿದರೆ, ಕೆಳಗಿನ ಹತ್ತಿಮೂಟೆಯ ಮೇಲೆ ಪುಟ್ಟದೊಂದು ‘ಎಲ್’ ಅಕ್ಷರ ಕಾಣುತ್ತದೆ.