ಮೀನು ಬದುಕುವ ನೀರಿನಲ್ಲಿ ಸಿಗಡಿ ಸಾಯುವುದೇಕೆ?

ಪ್ರಶ್ನೆ: ಪುಣೆಯ ನಮ್ಮ ಮನೆಯಲ್ಲಿ ಅಕ್ವೇರಿಯಂ ಇದೆ. ಗಪ್ಪಿ ಮೀನುಗಳು ಚೆನ್ನಾಗಿವೆ, ಆದರೆ ಚೆರ್ರಿ ಸಿಗಡಿಗಳು ನೀರು ಬದಲಿಸಿದ ಒಂದೆರಡು ದಿನದಲ್ಲಿ ಸಾಯುತ್ತವೆ. ನಾವು ಕುಡಿಯಲು ತಾಮ್ರದ ಕೊಡದಲ್ಲಿ ತುಂಬಿಟ್ಟ ನೀರನ್ನೇ ಟ್ಯಾಂಕಿಗೂ ಹಾಕುತ್ತೇವೆ. ಕುಡಿಯುವ ನೀರಿನಿಂದ ಸಾವು ಹೇಗೆ?

ಉತ್ತರ: ಮೊದಲ ಅನುಮಾನ ಆ ಕೊಡದ ಮೇಲೆಯೇ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿಗೆ ಲೀಟರಿಗೆ ಸುಮಾರು 177 ಮೈಕ್ರೋಗ್ರಾಂ ತಾಮ್ರ ಇಳಿದಿತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 2000 ಮೈಕ್ರೋಗ್ರಾಂ. ಹಾಗಾಗಿ ನಿಮಗೆ ಆ ನೀರಿನಿಂದ ತೊಂದರೆಯಿಲ್ಲ. ಆದರೆ ಸಿಗಡಿಯ ದೂರದ ನೆಂಟ ಡಾಫ್ನಿಯಾ, ಅಂದರೆ ನೀರುಚಿಗಟದ ಲೆಕ್ಕವೇ ಬೇರೆ. ಮೆದು ನೀರಿನಲ್ಲಿ ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರವಿದ್ದರೂ 48 ಗಂಟೆಯೊಳಗೆ ಅರ್ಧದಷ್ಟು ಮರಿಗಳು ಈಜುವುದನ್ನು ನಿಲ್ಲಿಸುತ್ತವೆ.

ಕಾರಣ ಕಿವಿರಿನಲ್ಲಿದೆ. ಸಿಹಿನೀರಿನ ಪ್ರಾಣಿಯ ಮೈಯೊಳಗೆ ಉಪ್ಪು ಹೆಚ್ಚು, ಹೊರಗೆ ಕಡಿಮೆ. ಸೋರಿಹೋಗುವ ಸೋಡಿಯಂ ಅನ್ನು ಕಿವಿರು ಬಿಡುವಿಲ್ಲದೆ ಒಳಗೆಳೆಯುತ್ತಿರಬೇಕು. ತಾಮ್ರದ ಅಯಾನುಗಳು ಈ ಕೆಲಸ ಮಾಡುವ ಕಿಣ್ವಕ್ಕೆ ಅಂಟಿ ಅದನ್ನು ನಿಲ್ಲಿಸುತ್ತವೆ, ಮೈಯ ಸೋಡಿಯಂ ಖಾಲಿಯಾಗುತ್ತಾ ಹೋಗುತ್ತದೆ. ಮೀನಿಗೂ ಇದೇ ಗತಿ, ಆದರೆ ದೊಡ್ಡ ಮೈಯ ದಾಸ್ತಾನು ತಡವಾಗಿ ತೀರುತ್ತದೆ. ನೀರುಚಿಗಟದಂಥ ಒಂದೆರಡು ಮಿಲಿಮೀಟರಿನ ಜೀವಿಗೆ ಅಷ್ಟು ದಾಸ್ತಾನು ಎಲ್ಲಿಂದ ಬರಬೇಕು? ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಹಿಡಿಯುವ ದಾರಿ ಬೇರೆ. ಅದು ಕ್ಯಾಲ್ಸಿಯಂನ ವೇಷದಲ್ಲಿ, ಕ್ಯಾಲ್ಸಿಯಂನ ಬಾಗಿಲಿನಿಂದಲೇ ಒಳಹೋಗುತ್ತದೆ. ಸಿಗಡಿ, ಏಡಿ, ನೀರುಚಿಗಟಗಳು ಬೆಳೆಯಲು ಮತ್ತೆ ಮತ್ತೆ ಪೊರೆ ಕಳಚಬೇಕು, ಹೊಸ ಕವಚ ಗಟ್ಟಿಯಾಗಲು ಕ್ಯಾಲ್ಸಿಯಂ ಹೀರಬೇಕು. ಪೊರೆ ಕಳಚಿದ ಮೆತ್ತಗಿನ ಹೊತ್ತೇ ಅವಕ್ಕೆ ಅತಿ ಅಪಾಯದ ಹೊತ್ತು.

ಸಾಯದಿದ್ದರೂ ಪೆಟ್ಟು ತಪ್ಪದು: ಮೇವು ತಿನ್ನುವುದು ಇಳಿಯುತ್ತದೆ, ಮರಿಗಳು ಕಡಿಮೆಯಾಗುತ್ತವೆ. ಅದನ್ನು ನೋಡಲೆಂದೇ 21 ದಿನಗಳ ಬೇರೆ ಪರೀಕ್ಷೆಯಿದೆ.

ನೀರಿನ ಗಡಸುತನವನ್ನು ಮರೆಯಬೇಡಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಕಿವಿರಿನ ಅದೇ ಜಾಗಕ್ಕೆ ಪೈಪೋಟಿ ಮಾಡಿ ತಾಮ್ರವನ್ನು ತಡೆಯುತ್ತವೆ. ಕೊಳೆತ ಎಲೆಯ ಕಂದು ರಸವೂ ತಾಮ್ರವನ್ನು ಕಟ್ಟಿಹಾಕುತ್ತದೆ. ಬೋರ್‌ವೆಲ್ ನೀರಿನಲ್ಲಿ ಬದುಕಿದ ಸಿಗಡಿ ಅಣೆಕಟ್ಟಿನ ಮೆದು ನೀರಿನಲ್ಲಿ, ಅಷ್ಟೇ ತಾಮ್ರಕ್ಕೆ, ಸಾಯಬಹುದು.

ಖಚಿತಪಡಿಸಿಕೊಳ್ಳಲು ಬಣ್ಣದ ಕಿಟ್ ಸಾಲದು. ಅಂಗಡಿಯ ಹಲವು ಕಿಟ್‌ಗಳ ಮೊದಲ ಗುರುತೇ ಲೀಟರಿಗೆ 100 ಮೈಕ್ರೋಗ್ರಾಂಗಿಂತ ಮೇಲಿರುತ್ತದೆ, ಅಲ್ಲಿ ಸೊನ್ನೆ ಕಂಡರೂ ಸಿಗಡಿಗೆ ವಿಷವಿರಬಹುದು. ಜೀವಿಯನ್ನೇ ಕೇಳುವುದು ಒಳ್ಳೆಯದು. ಮೀನಿನ ಮೇವಾಗಿ ಮಾರುವ ಡಾಫ್ನಿಯಾ ಅಥವಾ ಅದರಂಥದೇ ನೀರುಚಿಗಟವಾದ ಮೊಯಿನಾ ತನ್ನಿ, ಹುಟ್ಟಿ 24 ಗಂಟೆ ಮೀರದ 40 ಮರಿಗಳನ್ನು ಆರಿಸಿ. ಎಂಟು ಗಾಜಿನ ಲೋಟಗಳಲ್ಲಿ ಐದೈದು ಬಿಡಿ: ನಾಲ್ಕರಲ್ಲಿ ಅನುಮಾನದ ನೀರು, ನಾಲ್ಕರಲ್ಲಿ ಅವು ಬೆಳೆದ ನೀರು, ಪ್ರತಿ ಲೋಟಕ್ಕೆ ಕನಿಷ್ಠ 10 ಮಿಲಿಲೀಟರ್. ಮೇವು ಹಾಕಬೇಡಿ. 48 ಗಂಟೆ ಕಳೆದ ಮೇಲೆ ಲೋಟವನ್ನು ಮೆಲ್ಲಗೆ ಅಲುಗಾಡಿಸಿ. 15 ಸೆಕೆಂಡಿನೊಳಗೆ ಈಜದಿದ್ದರೆ ಆ ಮರಿ ನಿಶ್ಚಲ. ಬೆಳೆದ ನೀರಿನಲ್ಲೇ 20ರಲ್ಲಿ ಎರಡಕ್ಕಿಂತ ಹೆಚ್ಚು ನಿಶ್ಚಲವಾದರೆ ಪರೀಕ್ಷೆ ಕೆಟ್ಟಿತು, ಮತ್ತೆ ಮಾಡಿ. ಹೆಚ್ಚಿನವರು ಎಡವುವುದು ಕ್ಲೋರಿನ್‌ನಲ್ಲಿ: ಅದೂ ಮರಿಗಳನ್ನು ಕೊಲ್ಲುತ್ತದೆ. ನಲ್ಲಿ ನೀರನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಒಂದು ದಿನ ಗಾಳಿ ಪಂಪು ಹಾಕಿ ಇಟ್ಟ ನಂತರವೇ ಬಳಸಿ.

ಪರಿಹಾರ ಸರಳ. ಕೊಡದ ನೀರು, ಗೀಸರ್‌ನ ಬಿಸಿನೀರು ಟ್ಯಾಂಕಿಗೆ ಬೇಡ. ಹಿತ್ತಾಳೆ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಗಿಡಗಳಿಗೆ ಬಳಸಿ. ಮೀನಿನ ರೋಗಕ್ಕೆ, ಪಾಚಿಗೆ, ಬಸವನಹುಳುವಿಗೆ ಕೊಳ್ಳುವ ಔಷಧದ ಚೀಟಿಯಲ್ಲಿ ಕಾಪರ್ ಸಲ್ಫೇಟ್ ಇದೆಯೇ ನೋಡಿ. ಒಮ್ಮೆ ಆ ಔಷಧ ಹಾಕಿದ ಟ್ಯಾಂಕಿನ ಜಲ್ಲಿ ತಾಮ್ರವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಜಲ್ಲಿಯನ್ನೇ ಬದಲಿಸಿ.

ಈ ಲೆಕ್ಕ ಟ್ಯಾಂಕಿಗಷ್ಟೇ ಅಲ್ಲ. ಲೋಹಲೇಪನದ ಕಾರ್ಖಾನೆಗಳಿರುವ, ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ನಡುವೆ ಪವನಾ ನದಿ ಹರಿಯುತ್ತದೆ. ನಮ್ಮ ದೇಶದ ಸಾಮಾನ್ಯ ಮಾನದಂಡದಲ್ಲಿ ನದಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ, ಅಂದರೆ 3000 ಮೈಕ್ರೋಗ್ರಾಂ ತಾಮ್ರಕ್ಕೆ ಅವಕಾಶವಿದೆ. ನದಿಯ ನೀರು ಅದನ್ನು ತೆಳುವಾಗಿಸಬೇಕು. ಬೇಸಿಗೆಯಲ್ಲಿ ಹರಿವು ಬತ್ತಿದಾಗ ಮೀನುಮರಿಗಳ ಮೇವಾದ ಈ ಸಣ್ಣ ಜೀವಿಗಳೇ ಮೊದಲು ಬಲಿಯಾಗುತ್ತವೆ. ನದಿ ನೀರನ್ನು ಪ್ರಯೋಗಾಲಯಕ್ಕೆ ಕೊಡುವವರು ಕರಗಿದ ತಾಮ್ರವನ್ನು ಮೈಕ್ರೋಗ್ರಾಂನಲ್ಲಿ, ಗಡಸುತನದ ಜೊತೆಗೆ ಬರೆದುಕೊಡಿ ಎಂದು ಕೇಳಿ. 'ಮಿತಿಯೊಳಗಿದೆ' ಎಂಬ ಒಂದೇ ಸಾಲಿನ ವರದಿಯಿಂದ ನೀರುಚಿಗಟದ ಪಾಡು ತಿಳಿಯುವುದಿಲ್ಲ.